ತಯಾರಿಕೆ ನಿಂತ ಡಸ್ಟರ್: ಇಸಾರ ಕೊಡುವ ಮೊದಲು ಬಿಡಿಭಾಗದ ಅಂಗಡಿಗೆ ಹೋಗಿ ಬನ್ನಿ

ಮಾನ್ಯ ಸಂಪಾದಕರೇ,

ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಹಿಡಿದು ಗದಗ, ಹಾವೇರಿಯ ಹೆದ್ದಾರಿ ಬದಿಯ ಬಯಲುಗಳವರೆಗೆ ಹಳೆಯ ಕಾರುಗಳ ಮಾರಾಟ ಎಷ್ಟು ಬೆಳೆದಿದೆ ಎಂಬುದನ್ನು ತಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಸಾಲುಗಳಲ್ಲಿ, ಕಂಪನಿಯವರು ತಯಾರಿಕೆಯನ್ನೇ ನಿಲ್ಲಿಸಿದ ಮಧ್ಯಮ ಗಾತ್ರದ ಎಸ್‌ಯುವಿಗಳು ಕೈಗೆಟುಕುವ ಬೆಲೆಗೆ ನಿಂತಿರುತ್ತವೆ. ಅವುಗಳ ಬಗ್ಗೆ ನಮ್ಮ ಜನರಲ್ಲಿ ಎರಡೇ ಅಭಿಪ್ರಾಯಗಳಿವೆ. ‘ಬಂದ್ ಆದ ಗಾಡಿ ಬ್ಯಾಡ, ಸಾಮಾನ ಸಿಗಂಗಿಲ್ಲ’ ಎನ್ನುವವರು ಒಂದು ಕಡೆ, ‘ಇಷ್ಟು ರೊಕ್ಕಕ್ಕ ಇಂಥಾ ಗಾಡಿ ಮತ್ತೆಲ್ಲಿ ಸಿಗತೈತಿ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಕಾರಿನ ಹೆಸರು ಕೇಳಿದೊಡನೆ ತೀರ್ಪು ಕೊಟ್ಟುಬಿಡುತ್ತಾರೆ; ಎದುರಿಗೆ ನಿಂತ ಆ ಒಂದು ಕಾರು ಇಷ್ಟು ವರ್ಷ ಹೇಗೆ ಬಾಳಿದೆ, ಮುಂದೆ ಅದಕ್ಕೆ ಏನೇನು ಬೇಕಾಗುತ್ತದೆ, ಬೇಕಾದದ್ದು ನಮ್ಮ ಊರಿನಲ್ಲಿ ಸಿಗುತ್ತದೆಯೇ ಎಂಬುದನ್ನು ವಿಚಾರಿಸುವವರು ಕಡಿಮೆ. ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವಿಭಾಗದ ಬೋಧಕನಾಗಿ ಕೆಲಸ ಮಾಡಿ ನಿವೃತ್ತನಾದ ನಾನು, ಈಚೆಗೆ ನನ್ನ ಅಕ್ಕನ ಮಗನಿಗಾಗಿ ಇಂಥದ್ದೇ ಒಂದು ಕಾರನ್ನು ಹುಡುಕಿದ ಅನುಭವದ ಹಿನ್ನೆಲೆಯಲ್ಲಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಅಳಿಯ ಅಣ್ಣಿಗೇರಿಯ ಹತ್ತಿರದ ಹಳ್ಳಿಯವನು. ಶಾಲೆಯ ನೌಕರಿಯ ಜೊತೆಗೆ ಹೊಲವನ್ನೂ ನೋಡಿಕೊಳ್ಳುತ್ತಾನೆ. ಎರೆಭೂಮಿಯ ದಾರಿ, ಮಳೆ ಬಂದರೆ ಚಿಕ್ಕ ಕಾರುಗಳ ಹೊಟ್ಟೆ ಗಾಲಿಜಾಡಿನ ನಡುವಿನ ದಿಬ್ಬಕ್ಕೆ ತಾಗುತ್ತದೆ. ಮನೆಯಲ್ಲಿ ವಯಸ್ಸಾದ ತಂದೆ–ತಾಯಿ ಇದ್ದಾರೆ, ತಿಂಗಳಿಗೆರಡು ಬಾರಿಯಾದರೂ ಹುಬ್ಬಳ್ಳಿಯ ಆಸ್ಪತ್ರೆಗೆ ಬರಬೇಕು. ನೆಲದಿಂದ ಎತ್ತರವಾಗಿರುವ, ಐದು ಜನ ಆರಾಮವಾಗಿ ಕೂರುವ, ಐದು ಲಕ್ಷದ ಆಸುಪಾಸಿನ ಡೀಸೆಲ್ ಕಾರು ಬೇಕೆಂಬುದು ಅವನ ಅಪೇಕ್ಷೆ. ಆ ಬೆಲೆಗೆ ಈಗಲೂ ತಯಾರಾಗುತ್ತಿರುವ ಎಸ್‌ಯುವಿಗಳು ಬಹಳ ಹಳೆಯವು ಮಾತ್ರ ಸಿಗುತ್ತವೆ. ತಯಾರಿಕೆ ನಿಂತವು ಎರಡು–ಮೂರು ವರ್ಷ ಹೊಸವು ಸಿಗುತ್ತವೆ. ಹೀಗೆ ಅವನ ಕಣ್ಣು ರೆನೊ ಡಸ್ಟರ್ ಮೇಲೆ ಬಿತ್ತು.

ಡಸ್ಟರ್ ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 2012ರ ಜುಲೈನಲ್ಲಿ. ಚೆನ್ನೈ ಸಮೀಪದ ಒರಗಡಂನಲ್ಲಿ ತಯಾರಾಗುತ್ತಿತ್ತು. 1461 ಸಿಸಿಯ ಒಂದೇ ಡೀಸೆಲ್ ಎಂಜಿನ್ನನ್ನು 85 ಅಶ್ವಶಕ್ತಿ ಮತ್ತು 110 ಅಶ್ವಶಕ್ತಿಯ ಎರಡು ರೂಪಗಳಲ್ಲಿ ಕೊಟ್ಟಿದ್ದರು. ಮೊದಲನೆಯದಕ್ಕೆ ಐದು ಗೇರು, ಎರಡನೆಯದಕ್ಕೆ ಆರು. ನೆಲದಿಂದ 205 ಮಿಲಿಮೀಟರ್ ಎತ್ತರ, 475 ಲೀಟರ್ ಸಾಮಾನಿನ ಜಾಗ, ಕೆಟ್ಟ ರಸ್ತೆಯಲ್ಲಿ ಕುಲುಕಾಟವನ್ನು ನುಂಗಿಕೊಳ್ಳುವ ಸಸ್ಪೆನ್ಶನ್. ಈ ಕೊನೆಯ ಗುಣದಲ್ಲಿ ಅದರ ಬೆಲೆಯ ಕಾರುಗಳಲ್ಲಿ ಇವತ್ತಿಗೂ ಅದಕ್ಕೆ ಸರಿಗಟ್ಟುವವು ಕಡಿಮೆ ಎಂಬುದು ನನ್ನ ಖಚಿತ ಅಭಿಪ್ರಾಯ. 2020ರ ಏಪ್ರಿಲ್ 1ರಿಂದ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಯಾದಾಗ ಡೀಸೆಲ್ ರೂಪ ನಿಂತಿತು. ಪೆಟ್ರೋಲ್ ರೂಪ ಮುಂದುವರಿದು, ಅದೇ ವರ್ಷ 1.3 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ ಸೇರಿಕೊಂಡು, 2022ರ ಆರಂಭದಲ್ಲಿ ಆ ತಲೆಮಾರಿನ ಕಾರಿನ ತಯಾರಿಕೆಯೇ ಕೊನೆಗೊಂಡಿತು.

ಇಲ್ಲಿ ಕೊಳ್ಳುವವರು ಮೊದಲು ಗಮನಿಸಬೇಕಾದ ವ್ಯತ್ಯಾಸವೊಂದಿದೆ. ಒಂದು ಮಾದರಿ ನಿಂತುಹೋಗುವುದು ಬೇರೆ, ಕಂಪನಿಯೇ ದೇಶದ ಮಾರುಕಟ್ಟೆಯಿಂದ ಹೊರಟುಹೋಗುವುದು ಬೇರೆ. ಷೆವರ್ಲೆ ಕಾರುಗಳ ಮಾರಾಟ ನಮ್ಮಲ್ಲಿ 2017ರ ಕೊನೆಗೆ ನಿಂತಿತು. ಫೋರ್ಡ್ ಕಂಪನಿಯವರು 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಅಂಥ ಕಾರುಗಳನ್ನು ಕೊಳ್ಳುವಾಗ, ನಮ್ಮ ಜಿಲ್ಲೆಯ ಹತ್ತಿರದ ಸೇವಾ ಕೇಂದ್ರ ಎಲ್ಲಿದೆ, ಅಲ್ಲಿ ಸ್ಕ್ಯಾನರ್ ಹಚ್ಚಿ ದೋಷ ಹುಡುಕುವ ವ್ಯವಸ್ಥೆ ಉಳಿದಿದೆಯೇ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಡಸ್ಟರ್ ವಿಷಯದಲ್ಲಿ ಮಾದರಿ ನಿಂತರೂ ಕಂಪನಿ ಉಳಿದಿದೆ. ಕ್ವಿಡ್, ಟ್ರೈಬರ್, ಕೈಗರ್ ಕಾರುಗಳ ಸಲುವಾಗಿ ಅದರ ಸೇವಾ ಕೇಂದ್ರಗಳೂ ಉಳಿದಿವೆ. ಇನ್ನೊಂದು ಅನುಕೂಲವೆಂದರೆ, ಆ 1.5 ಡೀಸೆಲ್ ಎಂಜಿನ್ ಡಸ್ಟರ್ ಒಂದಕ್ಕೇ ಸೇರಿದ್ದಲ್ಲ. ನಿಸಾನ್ ಟೆರಾನೊ, ನಿಸಾನ್ ಸನ್ನಿ, ಮೈಕ್ರಾ, ರೆನೊ ಲಾಡ್ಜಿ, ನಮ್ಮ ಕಡೆ ಟ್ಯಾಕ್ಸಿಯಾಗಿ ಸಾಕಷ್ಟು ಓಡಿದ ಮಹೀಂದ್ರಾ ವೆರಿಟೊ, ಇವೆಲ್ಲವುಗಳ ಡೀಸೆಲ್ ರೂಪಗಳಲ್ಲಿ ಇದೇ ಎಂಜಿನ್ ಕುಟುಂಬವಿತ್ತು. ಹೀಗಾಗಿ ಈ ಎಂಜಿನ್ನನ್ನು ಬಿಚ್ಚಿ ಜೋಡಿಸಿ ಕೈ ಪಳಗಿದ ಮಿಸ್ತ್ರಿಗಳು ಹುಬ್ಬಳ್ಳಿಯಲ್ಲಿ ಮಾತ್ರವಲ್ಲ, ಗದಗ, ರಾಣೆಬೆನ್ನೂರಿನಲ್ಲಿಯೂ ಸಿಗುತ್ತಾರೆ.

ಆದರೂ ‘ಸಾಮಾನ ಸಿಗಂಗಿಲ್ಲ’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧ ಯಾವುದೆಂದು ತಿಳಿಯುವ ಸಲುವಾಗಿ ನಾನು ಕಾರು ನೋಡುವ ಮೊದಲೇ ಅಳಿಯನನ್ನು ಕರೆದುಕೊಂಡು ಬಿಡಿಭಾಗದ ಅಂಗಡಿಗೆ ಹೋದೆ. ಒಂದು ಹಾಳೆಯ ಮೇಲೆ ಹದಿನಾಲ್ಕು ವಸ್ತುಗಳ ಹೆಸರು ಬರೆದುಕೊಂಡಿದ್ದೆ. ಅಂಗಡಿಯವರು ಕನ್ನಡಕ ಏರಿಸಿಕೊಂಡು, ಪ್ರತಿಯೊಂದರ ಮುಂದೆ ಪೆನ್ಸಿಲ್‌ನಿಂದ ಗುರುತು ಹಾಕುತ್ತ ಬಂದರು. ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಬ್ರೇಕ್ ಪ್ಯಾಡ್, ಕ್ಲಚ್ ಸೆಟ್, ಟೈಮಿಂಗ್ ಬೆಲ್ಟ್ ಕಿಟ್, ವಾಟರ್ ಪಂಪ್, ಲೋವರ್ ಆರ್ಮ್, ಶಾಕ್ ಅಬ್ಸಾರ್ಬರ್, ಗಾಲಿಯ ಬೇರಿಂಗ್; ಇವು ಇವತ್ತೇ ಸಿಗುತ್ತವೆ ಅಥವಾ ನಾಳೆ ಬರುತ್ತವೆ ಎಂದರು. ಹೆಡ್‌ಲೈಟ್, ಮುಂದಿನ ಬಂಪರ್, ಬಾಗಿಲಿನ ರಬ್ಬರ್ ಬೀಡಿಂಗ್, ಎಸಿಯ ನಿಯಂತ್ರಣ ಫಲಕ, ರಿಮೋಟ್ ಕೀಲಿ. ಇವುಗಳ ಮುಂದೆ ಪೆನ್ಸಿಲ್ ನಿಂತಿತು. ‘ಯಾವ ವರ್ಷದ್ದು ಹೇಳ್ರಿ, ತರಸಬೇಕಾಗತೈತಿ, ಟೈಮ್ ಹಿಡಿತೈತಿ’ ಎಂದರು. ಆ ಹಾಳೆ ಈಗಲೂ ನನ್ನ ಬಳಿ ಇದೆ.

ಅವರು ವರ್ಷ ಕೇಳಿದ್ದಕ್ಕೆ ಕಾರಣವಿದೆ. ಡಸ್ಟರಿನ ಮುಖಚರ್ಯೆ 2016ರಲ್ಲಿ ಒಮ್ಮೆ, 2019ರಲ್ಲಿ ಇನ್ನೊಮ್ಮೆ ಬದಲಾಯಿತು. ಒಳಗಿನ ಎಂಜಿನ್ ಮತ್ತು ಚಾಸಿಯ ಭಾಗಗಳು ಬಹುಮಟ್ಟಿಗೆ ಒಂದೇ ಆಗಿದ್ದರೂ ಮುಂದಿನ ದೀಪ, ಬಂಪರ್, ಗ್ರಿಲ್‌ಗಳು ಒಂದಕ್ಕೊಂದು ಕೂಡುವುದಿಲ್ಲ. ಮೊದಲ ರೂಪದ ಕಾರುಗಳು ಹೆಚ್ಚು ಮಾರಾಟವಾದವು, ಅವುಗಳಲ್ಲಿ ಕೆಲವು ಗುಜರಿಗೂ ಸೇರಿವೆ, ಹಾಗಾಗಿ ಅವುಗಳ ಹೊರಭಾಗಗಳು ಹಳೆಯವಾದರೂ ದೊರೆಯುತ್ತವೆ. ಕೊನೆಯ ರೂಪದ ಕಾರುಗಳು ಕಡಿಮೆ ಮಾರಾಟವಾದವು, ಇನ್ನೂ ರಸ್ತೆಯ ಮೇಲೇ ಇವೆ. ಹೊಸ ವರ್ಷದ ಕಾರು ಎಂದರೆ ಬಿಡಿಭಾಗದ ಚಿಂತೆ ಕಡಿಮೆ ಎಂದು ಸಾಮಾನ್ಯವಾಗಿ ನಾವು ತಿಳಿಯುತ್ತೇವೆ. ತಯಾರಿಕೆ ನಿಂತ ಕಾರಿನಲ್ಲಿ ಆ ಲೆಕ್ಕ ತಿರುವುಮುರುವಾಗುತ್ತದೆ. 1.3 ಟರ್ಬೊ ಪೆಟ್ರೋಲ್ ಡಸ್ಟರ್ ಓಡಿಸಲು ಬಹಳ ಚುರುಕಾದ ಕಾರು, 156 ಅಶ್ವಶಕ್ತಿಯದು, ಆದರೆ ಎರಡು ವರ್ಷಕ್ಕಿಂತ ಕಡಿಮೆ ಅವಧಿ ಮಾತ್ರ ಮಾರಾಟದಲ್ಲಿತ್ತು. ಅದನ್ನು ಬಯಸುವವರು ಹುಬ್ಬಳ್ಳಿಯಲ್ಲಿ ಯಾರ ಕೈಗೆ ರಿಪೇರಿಗೆ ಕೊಡುತ್ತೇವೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಯುರೋಪಿನಲ್ಲಿ 2023ರಲ್ಲಿ ಅನಾವರಣಗೊಂಡ ಮೂರನೆಯ ತಲೆಮಾರಿನ ಡಸ್ಟರಿನ ಹೆಸರು ಹೇಳಿ, ‘ಅದರ ಸಾಮಾನ ಇದಕ್ಕೂ ಕೂಡತಾವು’ ಎಂದು ನಂಬಿಸುವ ಮಾರಾಟಗಾರರನ್ನೂ ನಾನು ಕಂಡೆ. ಅದು ಬೇರೆಯೇ ತಳಹದಿಯ ಮೇಲೆ ಕಟ್ಟಿದ ಕಾರು.

ಈಗ ನಾವು ನೋಡಿದ ಮೊದಲ ಕಾರಿನ ವಿಷಯಕ್ಕೆ ಬರುತ್ತೇನೆ. ಹುಬ್ಬಳ್ಳಿಯ ಒಬ್ಬ ವ್ಯಾಪಾರಿಯ ಬಳಿ ಇದ್ದ 2016ರ 110 ಅಶ್ವಶಕ್ತಿಯ ಡೀಸೆಲ್ ಕಾರು ಅದು. ಮೀಟರ್ 64 ಸಾವಿರ ಕಿಲೋಮೀಟರ್ ತೋರಿಸುತ್ತಿತ್ತು. ಪಾಲಿಶ್ ಮಾಡಿ ಬಿಸಿಲಿಗೆ ನಿಲ್ಲಿಸಿದ್ದ ಆ ಕಾರನ್ನು ನೋಡಿ ಅಳಿಯ ‘ಮಾಮಾ, ಗಾಡಿ ಹೊಸಾದ್ರಂಗ ಐತಲ್ಲ’ ಎಂದು ಅಲ್ಲಿಯೇ ಇಸಾರ ಕೊಡಲು ಸಿದ್ಧನಾಗಿದ್ದ. ನಾನು ಬಾಗಿಲು ತೆಗೆದು ಬಗ್ಗಿ ನೋಡಿದ್ದು ಬ್ರೇಕ್ ಪೆಡಲಿನ ರಬ್ಬರನ್ನು. ಅದರ ಗೀರುಗಳೆಲ್ಲ ಸವೆದು ಬಲಗಡೆಯ ಅಂಚು ಚಪ್ಪಲಿಯ ಹಿಮ್ಮಡಿಯಂತೆ ನುಣ್ಣಗಾಗಿತ್ತು. ಚಾಲಕನ ಸೀಟಿನ ಹೊರ ಅಂಚು ಒಳಗೆ ಕುಸಿದಿತ್ತು. ಹೊಸ ಸೀಟ್ ಕವರ್ ಹಾಕಿದ್ದರೂ ಕೈಯಿಂದ ಒತ್ತಿದಾಗ ಒಳಗಿನ ಕಂಬಿ ತಾಗುತ್ತಿತ್ತು. 64 ಸಾವಿರ ಕಿಲೋಮೀಟರಿಗೆ ಇಷ್ಟು ಸವೆತ ಬರುವುದಿಲ್ಲ. ಬಾನೆಟ್ ತೆರೆದಾಗ ಎಡಗಡೆಯ ಫೆಂಡರಿನ ಬೋಲ್ಟುಗಳ ಮೇಲಿನ ಬಣ್ಣ ಸ್ಪ್ಯಾನರ್ ತಾಗಿ ಎದ್ದಿತ್ತು, ಬಲಗಡೆಯವು ಕಂಪನಿಯಿಂದ ಬಂದಂತೆಯೇ ಇದ್ದವು. ಎಡಗಡೆಯ ಹೆಡ್‌ಲೈಟ್ ತಿಳಿಯಾಗಿ ಹೊಳೆಯುತ್ತಿತ್ತು, ಬಲಗಡೆಯದು ಹಳದಿಗಟ್ಟಿತ್ತು. ಅಂದರೆ ಎಡಮೂಲೆಗೆ ಎಲ್ಲಿಯೋ ಪೆಟ್ಟು ಬಿದ್ದು ದುರಸ್ತಿಯಾಗಿತ್ತು. ಪೆಟ್ಟು ಬಿದ್ದ ಕಾರೆಲ್ಲ ಕೆಟ್ಟ ಕಾರಲ್ಲ, ಆದರೆ ಮಾರುವವರು ‘ಒಂದು ಗೀರೂ ಬಿದ್ದಿಲ್ಲ’ ಎಂದು ಹೇಳಿದ್ದರು.

ನೋಂದಣಿ ಸಂಖ್ಯೆ ಮತ್ತು ಚಾಸಿ ಸಂಖ್ಯೆ ಬರೆದುಕೊಂಡು ಸೇವಾ ಕೇಂದ್ರಕ್ಕೆ ಹೋಗಿ ವಿಚಾರಿಸಿದಾಗ, ಆ ಕಾರು ಕೊನೆಯ ಬಾರಿ ಅಲ್ಲಿ ಸರ್ವಿಸ್‌ಗೆ ಬಂದಾಗಲೇ 1,08,000 ಕಿಲೋಮೀಟರ್ ಓಡಿತ್ತು ಎಂಬುದು ದಾಖಲೆಯಿಂದ ತಿಳಿಯಿತು. ಅದೂ ನಾವು ನೋಡುವುದಕ್ಕೆ ಮೂರು ವರ್ಷ ಮೊದಲು. ವ್ಯಾಪಾರಿಯನ್ನು ಕೇಳಿದರೆ ಮೀಟರ್ ಕೆಟ್ಟಿತ್ತು, ಬದಲಿಸಿದ್ದೇವೆ ಎಂದರು. ಬದಲಿಸಿದ ರಸೀದಿ ಇರಲಿಲ್ಲ.

ಮೀಟರ್ ಹಿಂದೆ ತಿರುಗಿಸುವುದನ್ನು ನಮ್ಮ ಕಡೆ ಅನೇಕರು ಚಿಕ್ಕ ಸುಳ್ಳು ಎಂದು ಭಾವಿಸುತ್ತಾರೆ, ‘ಎಲ್ಲಾರೂ ಮಾಡತಾರ’ ಎಂದು ಬಿಟ್ಟುಬಿಡುತ್ತಾರೆ. ಅದು ಏಕೆ ಚಿಕ್ಕದಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಬೇಕು. ಈ ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್‌ಗಳಿಂದ ತಿರುಗುವ ಕ್ರ್ಯಾಂಕ್ ಶಾಫ್ಟ್ ಮತ್ತು ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ಶಾಫ್ಟುಗಳನ್ನು ಕೂಡಿಸಿ ತಿರುಗಿಸುವುದು ಹಲ್ಲುಗಳಿರುವ ಒಂದು ರಬ್ಬರ್ ಬೆಲ್ಟ್, ಅದೇ ಟೈಮಿಂಗ್ ಬೆಲ್ಟ್. ವಾಟರ್ ಪಂಪ್ ತಿರುಗುವುದೂ ಅದರಿಂದಲೇ. ಕಬ್ಬಿಣದ ಚೈನು ಸಡಿಲಾದರೆ ಸಾಮಾನ್ಯವಾಗಿ ಸದ್ದು ಮಾಡಿ ಎಚ್ಚರಿಸುತ್ತದೆ. ಬೆಲ್ಟ್ ಸದ್ದಿಲ್ಲದೆ ಸವೆದು, ಒಂದು ದಿನ ಓಡುತ್ತಿರುವಾಗಲೇ ಹರಿಯುತ್ತದೆ. ಹರಿದ ಕ್ಷಣದಲ್ಲಿ ವಾಲ್ವುಗಳು ತೆರೆದಲ್ಲೇ ನಿಲ್ಲುತ್ತವೆ, ಮೇಲೆ ಬರುವ ಪಿಸ್ಟನ್‌ಗಳು ಅವುಗಳಿಗೆ ಬಡಿಯುತ್ತವೆ, ಸಾವಿರಗಳಲ್ಲಿ ಮುಗಿಯಬೇಕಾಗಿದ್ದ ಖರ್ಚು ಲಕ್ಷದ ಹತ್ತಿರಕ್ಕೆ ಹೋಗುತ್ತದೆ. ಆದ್ದರಿಂದ ಕಂಪನಿಯವರು ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದಕ್ಕೆ ಬೆಲ್ಟನ್ನು, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಶನರ್ ಸಮೇತ ಬದಲಿಸಬೇಕೆಂದು ನಿಗದಿ ಮಾಡಿರುತ್ತಾರೆ. ಜಾಣ ಮಿಸ್ತ್ರಿಗಳು ಅದೇ ಸಮಯದಲ್ಲಿ ವಾಟರ್ ಪಂಪನ್ನೂ ಬದಲಿಸುತ್ತಾರೆ. ಮೀಟರ್ ತಿರುಗಿಸಿದ ಕಾರನ್ನು ಕೊಂಡವನು 64 ಸಾವಿರವನ್ನು ನಂಬಿ ‘ಇನ್ನೂ ಬಹಳ ದಿನ ಇದೆ’ ಎಂದು ನಿಶ್ಚಿಂತೆಯಿಂದ ಓಡಿಸುತ್ತಾನೆ, ಹೆಂಡತಿ–ಮಕ್ಕಳನ್ನು ಕೂರಿಸಿಕೊಂಡು ಅರಬೈಲ್ ಘಟ್ಟ ಇಳಿಯುತ್ತಾನೆ. ಆ ಸುಳ್ಳು ಅವನನ್ನು ಎಲ್ಲಿ ಹಿಡಿಯುತ್ತದೆ ಎಂಬುದು ಮಾರಿದವನಿಗೂ ಗೊತ್ತಿರುವುದಿಲ್ಲ.

ಎರಡನೆಯ ಕಾರು ಹಾವೇರಿ ಜಿಲ್ಲೆಯದು. ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಸ್ಥರು ಹೊಸದಾಗಿ ಕೊಂಡು ತಾವೇ ಓಡಿಸಿದ 2017ರ 85 ಅಶ್ವಶಕ್ತಿಯ ಕಾರು, ಮೀಟರಿನಲ್ಲಿ 1,21,000. ಅಳಿಯನಿಗೆ ಆ ಅಂಕಿ ಕೇಳಿಯೇ ಬೇಸರ. ‘ಲಕ್ಷ ದಾಟಿದ ಗಾಡಿ ಯಾಕ ಮಾಮಾ’ ಎಂದ. ಮಾಲೀಕರು ಒಳಗಿನಿಂದ ಒಂದು ರೆಕ್ಸಿನ್ ಚೀಲ ತಂದರು. ಮೊದಲ ಸರ್ವಿಸಿನಿಂದ ಕೊನೆಯದರವರೆಗೆ ಎಲ್ಲ ಬಿಲ್ಲುಗಳು ದಿನಾಂಕದ ಪ್ರಕಾರ ಅದರಲ್ಲಿದ್ದವು, ಮೇಲಿನವುಗಳಿಗೆ ಮೆಣಸಿನಕಾಯಿಯ ಘಾಟು ಹತ್ತಿತ್ತು. 92 ಸಾವಿರ ಕಿಲೋಮೀಟರಿಗೆ ಟೈಮಿಂಗ್ ಬೆಲ್ಟ್, ಟೆನ್ಶನರ್, ವಾಟರ್ ಪಂಪ್ ಬದಲಿಸಿದ ಬಿಲ್ಲು ಇತ್ತು. ಒಂದು ಲಕ್ಷ ದಾಟಿದ ಮೇಲೆ ಕ್ಲಚ್ ಬದಲಿಸಿದ್ದೂ ಇತ್ತು. ಟೈರುಗಳ ಪಕ್ಕೆಯ ಮೇಲೆ ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕಂಕಿ ಇರುತ್ತದೆ. ಆ ಅಂಕಿಗೂ ಟೈರ್ ಕೊಂಡ ಬಿಲ್ಲಿನ ದಿನಾಂಕಕ್ಕೂ ತಾಳೆಯಾಯಿತು. ದಾಖಲೆಯಿರುವ 1,21,000 ಕಿಲೋಮೀಟರ್ ದಾಖಲೆಯಿಲ್ಲದ 64 ಸಾವಿರಕ್ಕಿಂತ ಕಡಿಮೆ ಓಟ ಎಂದೇ ನಾನು ಎಣಿಸುತ್ತೇನೆ, ಅಳಿಯನಿಗೂ ಹಾಗೆಯೇ ಹೇಳಿದೆ.

ಕಾರನ್ನು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿ ನೋಡಬೇಕು. ಮೊದಲೇ ಬಿಸಿ ಮಾಡಿ ನಿಲ್ಲಿಸಿದ ಎಂಜಿನ್ ತನ್ನ ಕಾಯಿಲೆಯನ್ನು ಹೇಳುವುದಿಲ್ಲ. ಚಾಲೂ ಆಗಲು ತೆಗೆದುಕೊಳ್ಳುವ ಸಮಯ, ಹೊಗೆಯ ಬಣ್ಣ, ಇಂಜೆಕ್ಟರಿನ ಬಡಿತ ಇವುಗಳನ್ನು ಬಲ್ಲ ಮಿಸ್ತ್ರಿ ಜೊತೆಗಿರಲಿ. ಅವರಿಗೆ ಕೊಡುವ ಐನೂರು–ಸಾವಿರ ರೂಪಾಯಿಗೆ ಹಿಂದೆಮುಂದೆ ನೋಡಬಾರದು. ಹುಬ್ಬಳ್ಳಿಯಲ್ಲಿ ಘಟ್ಟವಿಲ್ಲ, ಆದರೆ ನೃಪತುಂಗ ಬೆಟ್ಟದ ಏರು ಇದೆ. ಅಲ್ಲಿ ಕಾರನ್ನು ಅರ್ಧಕ್ಕೆ ನಿಲ್ಲಿಸಿ, ಮತ್ತೆ ಮೊದಲ ಗೇರಿನಲ್ಲಿ ಎತ್ತಿದರೆ ಕ್ಲಚ್ಚಿನ ಸ್ಥಿತಿ ಗೊತ್ತಾಗುತ್ತದೆ: ಎಂಜಿನ್ನಿನ ಸದ್ದು ಏರಿ ಕಾರು ಏರದಿದ್ದರೆ ಕ್ಲಚ್ ಮುಗಿದಿದೆ. ನಮ್ಮ ಭಾಗದವರು ತಪ್ಪದೆ ನೋಡಬೇಕಾದದ್ದು ಇನ್ನೊಂದಿದೆ. 2019ರ ಆಗಸ್ಟ್ ಪ್ರವಾಹದಲ್ಲಿ ಮಲಪ್ರಭೆಯ ದಂಡೆಯ ಊರುಗಳು ಮುಳುಗಿದವು, ಅದೇ ಸಮಯದಲ್ಲಿ ಕೊಲ್ಹಾಪುರ, ಸಾಂಗ್ಲಿ ಕಡೆಯೂ ನೀರು ನಿಂತಿತು. ನೀರು ಕಂಡ ಕಾರನ್ನು ತೊಳೆದು ಒಣಗಿಸಿ ದೂರದ ಊರಿನಲ್ಲಿ ಮಾರುವುದು ಹಳೆಯ ರೂಢಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಹೊರಗೆಳೆದರೆ, ಯಾವಾಗಲೂ ಒಳಗೇ ಸುತ್ತಿಕೊಂಡಿರುವ ಕೊನೆಯ ಒಂದು ಗೇಣಿನಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ; ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು ಇರುತ್ತದೆ. ಅಂಥ ಕಾರು ಯಾವ ಬೆಲೆಗೂ ಬೇಡ, ಏಕೆಂದರೆ ಅದರ ವೈರಿಂಗ್ ಒಂದೊಂದೇ ಕಡೆ ಕೊಳೆಯುತ್ತ ಹೋಗುತ್ತದೆ, ತಯಾರಿಕೆ ನಿಂತ ಕಾರಿನಲ್ಲಿ ಮೊದಲು ದುರ್ಲಭವಾಗುವುದೂ ವಿದ್ಯುತ್ ಭಾಗಗಳೇ.

ಸುರಕ್ಷತೆಯ ಮಾತನ್ನು ನಮ್ಮಲ್ಲಿ ಬೆಲೆ ಮುಗಿದ ಮೇಲೆ ಆಡುತ್ತಾರೆ, ಅಥವಾ ಆಡುವುದೇ ಇಲ್ಲ. 2017ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಡೆಸಿದ ಡಿಕ್ಕಿ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಡಸ್ಟರಿಗೆ ವಯಸ್ಕರ ರಕ್ಷಣೆಯಲ್ಲಿ ಐದರಲ್ಲಿ ಒಂದು ನಕ್ಷತ್ರವೂ ಸಿಗಲಿಲ್ಲ. ಚಾಲಕನ ಏರ್‌ಬ್ಯಾಗ್ ಇದ್ದದ್ದಕ್ಕೆ ಮೂರು ಸಿಕ್ಕವು. ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಿಂದ. ಅದಕ್ಕೆ ಮೊದಲಿನ ಕೆಳ ಶ್ರೇಣಿಯ ಕಾರುಗಳಲ್ಲಿ ಅದು ಇಲ್ಲದಿರಬಹುದು, ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಇಪ್ಪತ್ತು–ಮೂವತ್ತು ಸಾವಿರ ಉಳಿಯುತ್ತದೆ ಎಂದು ಏರ್‌ಬ್ಯಾಗ್ ಇಲ್ಲದ ಕಾರನ್ನು ಆರಿಸಿಕೊಳ್ಳುವುದನ್ನು ನಾನು ಯಾರಿಗೂ ಒಪ್ಪುವುದಿಲ್ಲ. ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ ಎಷ್ಟು ಕುಟುಂಬಗಳು ತಮ್ಮವರನ್ನು ಕಳೆದುಕೊಂಡಿವೆ ಎಂಬುದು ಈ ಭಾಗದವರಿಗೆಲ್ಲ ಗೊತ್ತಿದೆ.

ಕಾಗದಪತ್ರದ ವಿಷಯದಲ್ಲಿ ಕೆಲವು ಮಾತು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ; 2012ರಲ್ಲಿ ನೋಂದಣಿಯಾದ ಡಸ್ಟರಿನ ಅವಧಿ 2027ರಲ್ಲಿ ಮುಗಿಯುತ್ತದೆ, ಅನಂತರ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಡೀಸೆಲ್ ಡಸ್ಟರುಗಳೆಲ್ಲ ಬಿಎಸ್6ಕ್ಕಿಂತ ಮೊದಲಿನವು, ಅವುಗಳಲ್ಲಿ ತೀರ ಹೊಸದಕ್ಕೂ 2035ರ ಆಸುಪಾಸಿಗೆ 15 ವರ್ಷ ತುಂಬುತ್ತದೆ. ಕೊಡುವ ಬೆಲೆಯನ್ನು ಉಳಿದ ವರ್ಷಗಳಿಗೆ ಭಾಗಿಸಿ ನೋಡಿದರೆ, ಅಗ್ಗವೆಂದು ಕಂಡ ಎಷ್ಟೋ ಹಳೆಯ ಕಾರು ಅಗ್ಗವಲ್ಲವೆಂದು ತಿಳಿಯುತ್ತದೆ. ದೆಹಲಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ಕಾರುಗಳ ಮೇಲೆ ಹಿಂದೆ ಬಿದ್ದ ನಿರ್ಬಂಧದ ಕಾರಣ ಆ ಕಡೆಯ ಕಾರುಗಳು ದಕ್ಷಿಣಕ್ಕೆ ಬಂದಿವೆ. ಹೊರರಾಜ್ಯದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳಬೇಕಾದರೆ ಮರುನೋಂದಣಿ ಮಾಡಿಸಿ, ವಯಸ್ಸಿಗೆ ಅನುಗುಣವಾಗಿ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಆ ಮೊತ್ತವನ್ನು ಕೂಡಿಸಿದ ಮೇಲೆ ಕೆಎ–25, ಕೆಎ–63 ಅಥವಾ ಕೆಎ–27ರ ಸ್ಥಳೀಯ ಕಾರೇ ಕಡಿಮೆಗೆ ಬೀಳುತ್ತದೆ. ಮೊದಲು ಸಾಲದ ಮೇಲೆ ಕೊಂಡ ಕಾರಾಗಿದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಸಾಲ ತೀರಿತೆಂದು ತಿಳಿಸುವ ನಮೂನೆ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬಾರದು.

ಮಾರುವವರಿಗೂ ಒಂದು ಎಚ್ಚರಿಕೆ ಬೇಕು. ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿ ವ್ಯಾಪಾರಿಯ ಕೈಗೆ ಕೊಟ್ಟು, ಹಣ ಎಣಿಸಿಕೊಂಡು ಮನೆಗೆ ಹೋಗುವುದು ನಮ್ಮಲ್ಲಿ ರೂಢಿಯಾಗಿದೆ. ಕಾರು ಹಲವು ಕೈ ಬದಲಾಗಿದ್ದರೂ ಅಪಘಾತವಾದಾಗ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ವಿಮೆಯನ್ನೂ ಕೊಂಡವರು 14 ದಿನಗಳೊಳಗೆ ತಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಹಾಕಬೇಕು.

ನಾವು ಬ್ಯಾಡಗಿಯ ಕಾರನ್ನು ತೆಗೆದುಕೊಂಡೆವು. ಬೆಲೆ ಮೊದಲ ಕಾರಿಗಿಂತ ನಲವತ್ತು ಸಾವಿರ ಹೆಚ್ಚಾಯಿತು, ಮೊದಲ ತಿಂಗಳಲ್ಲಿ ಲೋವರ್ ಆರ್ಮಿನ ಬುಷ್, ಬ್ರೇಕ್ ಪ್ಯಾಡ್, ಬ್ಯಾಟರಿ, ಎಲ್ಲ ಎಣ್ಣೆ ಮತ್ತು ಫಿಲ್ಟರುಗಳಿಗೆ ಇನ್ನಷ್ಟು ಖರ್ಚಾಯಿತು. ತಯಾರಿಕೆ ನಿಂತ ಎಸ್‌ಯುವಿ ಕೊಳ್ಳುವವರು ಕಾರಿನ ಬೆಲೆಯ ಹತ್ತರಲ್ಲಿ ಒಂದು ಭಾಗವನ್ನಾದರೂ ಇಂಥ ಕೆಲಸಕ್ಕೆ ಬೇರೆ ಇಟ್ಟುಕೊಂಡೇ ಮಾತಿಗೆ ಕೂರಬೇಕು. ಕೈಯಲ್ಲಿದ್ದ ಹಣವನ್ನೆಲ್ಲ ಬೆಲೆಗೇ ಹಾಕಿದವರು ಮೊದಲ ರಿಪೇರಿಯನ್ನು ಮುಂದೂಡುತ್ತಾರೆ. ಮರಳಿ ಮಾರುವಾಗ ಒಳ್ಳೆಯ ಬೆಲೆ ಬರಬೇಕೆನ್ನುವವರಿಗೆ ಇದು ತಕ್ಕ ಕಾರಲ್ಲ. ಏಳೆಂಟು ವರ್ಷ ಇಟ್ಟುಕೊಂಡು ಓಡಿಸುತ್ತೇನೆ ಎನ್ನುವವರಿಗೆ, ಒಳ್ಳೆಯ ದಾಖಲೆ ಇರುವ ಡೀಸೆಲ್ ಡಸ್ಟರ್ ಈ ಬೆಲೆಯಲ್ಲಿ ಸಿಗುವ ಉತ್ತಮ ಕಾರುಗಳಲ್ಲಿ ಒಂದು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ದಿನಕ್ಕೆ ಐದಾರು ಕಿಲೋಮೀಟರ್ ಮಾತ್ರ ಪೇಟೆಯೊಳಗೆ ಓಡಿಸುವವರಿಗೆ ಯಾವ ಡೀಸೆಲ್ ಕಾರೂ ಬೇಡ.

ಕೊನೆಯದಾಗಿ, ಸಾರಿಗೆ ಇಲಾಖೆಯವರಲ್ಲಿ ತಮ್ಮ ಪತ್ರಿಕೆಯ ಮೂಲಕ ಎರಡು ವಿನಂತಿಗಳಿವೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ನೋಂದಾಯಿತ ವಾಹನಗಳ ಮಾರಾಟ ಮಾಡುವ ವ್ಯಾಪಾರಿಗಳು ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕು, ಮಾಲೀಕರು ಕಾರನ್ನು ವ್ಯಾಪಾರಿಗೆ ಒಪ್ಪಿಸಿದ್ದನ್ನು ಪೋರ್ಟಲ್‌ನಲ್ಲಿ ತಿಳಿಸಬೇಕು ಎಂದು ವಿಧಿಸಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ನಾನು ಕಾರು ನೋಡಲು ಹೋದ ಆರು ಕಡೆಗಳಲ್ಲಿ ಒಂದು ಕಡೆಯೂ ಅಂಥ ಪತ್ರವನ್ನು ಗೋಡೆಗೆ ಹಾಕಿದ್ದನ್ನು ಕಾಣಲಿಲ್ಲ, ಕೇಳಿದಾಗ ಯಾರೂ ತೋರಿಸಲಿಲ್ಲ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಚೇರಿಗಳಲ್ಲಿ ಅಧಿಕಾರ ಪತ್ರ ಪಡೆದ ವ್ಯಾಪಾರಿಗಳ ಪಟ್ಟಿಯನ್ನು ಸಾರ್ವಜನಿಕರಿಗೆ ಕಾಣುವಂತೆ ತೂಗುಹಾಕಬೇಕು. ಎರಡನೆಯದು, ಹೊಗೆ ತಪಾಸಣೆಗೆ ಪ್ರತಿ ಕಾರೂ ಹೋಗಿಯೇ ಹೋಗುತ್ತದೆ; ಆಗ ಮೀಟರಿನ ಅಂಕಿಯನ್ನೂ ಪ್ರಮಾಣಪತ್ರದಲ್ಲಿ ನಮೂದಿಸಿ ಎಲ್ಲರೂ ನೋಡುವಂತೆ ಮಾಡಿದರೆ, ಒಂದು ಲಕ್ಷದ ಎಂಟು ಸಾವಿರ ಓಡಿದ ಕಾರು ಅರವತ್ತನಾಲ್ಕು ಸಾವಿರಕ್ಕೆ ಇಳಿಯಲಾರದು. ಈ ನಾಲ್ಕು ಕಚೇರಿಗಳಿಂದ ಆ ಪಟ್ಟಿಯನ್ನು ತರಿಸಿ, ಮುಂಬರುವ ದೀಪಾವಳಿಯ ಖರೀದಿಗಿಂತ ಮೊದಲು ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಐಟಿಐ ಬೋಧಕ, ಹುಬ್ಬಳ್ಳಿ